ಐವತ್ತು ವರ್ಷಗಳ ಕೃತಜ್ಞತೆ ಮತ್ತು ಒಂದು ತಿದ್ದುಪಡಿ

ಕಳೆದ ಶನಿವಾರ ನಮ್ಮ ತಾಲ್ಲೂಕು ವಕೀಲರ ಸಂಘವು ನನ್ನ ಐವತ್ತು ವರ್ಷಗಳ ವಕೀಲಿಕೆಯನ್ನು ನೆಪವಾಗಿಸಿಕೊಂಡು ನನ್ನನ್ನು ಸನ್ಮಾನಿಸಿತು. ಅಂದು ಮಾತನಾಡಲು ಎದ್ದಾಗ ಗಂಟಲು ಕಟ್ಟಿದ್ದರಿಂದ, ಹೇಳಬೇಕಾದದ್ದನ್ನು ಹೇಳದೆಯೇ ಕುಳಿತುಬಿಟ್ಟೆ. ಅದನ್ನು ಈಗ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ನಾನು ಆಸ್ಪತ್ರೆ ಸೇರಿದ್ದು ನಿಮಗೆ ತಿಳಿದೇ ಇದೆ. ಆಸ್ಪತ್ರೆಗೆ ಬಂದು ನೋಡಿದವರಿಗೆ, ನನ್ನ ಕೇಸುಗಳಿಗೆ ವಾಯಿದೆ ಪಡೆದು ಕಕ್ಷಿದಾರರನ್ನು ಸಮಾಧಾನಪಡಿಸಿದ ಕಿರಿಯ ವಕೀಲ ಮಿತ್ರರಿಗೆ, ಐವತ್ತು ವರ್ಷ ಊಟದ ಹೊತ್ತು ತಪ್ಪಿಸಿದರೂ ತಟ್ಟೆ ಮುಚ್ಚಿಟ್ಟು ಕಾದ ನನ್ನ ಹೆಂಡತಿಗೆ, ಮಕ್ಕಳಿಗೆ, ಶಾಸಕನಾಗಿ ಎರಡು ಬಾರಿ ಗೆಲ್ಲಿಸಿ ಒಮ್ಮೆ ಸೋಲಿಸಿದ ಮತದಾರರಿಗೆ ನನ್ನ ನಮಸ್ಕಾರಗಳು. ಇವರಲ್ಲಿ ಯಾರ ಋಣವೂ ಸಣ್ಣದಲ್ಲ. ಆದರೆ ಈ ಬರಹದ ಹೆಚ್ಚಿನ ಪಾಲು ನನ್ನ ಕಚೇರಿಯ ಗುಮಾಸ್ತರೊಬ್ಬರಿಗೇ ಸಲ್ಲಬೇಕು. ಊರಿನವರು ಅವರನ್ನು ಗುಮಾಸ್ತಣ್ಣ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ನಾನು ಕಪ್ಪು ಕೋಟು ತೊಟ್ಟದ್ದು 1974ರಲ್ಲಿ. ಅದೇ ವರ್ಷದ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಕಾಯ್ದೆಯು ಜಾರಿಗೆ ಬಂದು ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು, ಅಂದರೆ ಸರ್ಕಾರದ ಒಡೆತನಕ್ಕೆ ಬಂದವು; ಉಳುವವನು ನಮೂನೆ 7ರಲ್ಲಿ ಅರ್ಜಿ ಕೊಟ್ಟು ತನ್ನ ಹಕ್ಕನ್ನು ಭೂನ್ಯಾಯಮಂಡಳಿಯ ಮುಂದೆ ಸಾಬೀತು ಮಾಡಬೇಕಾಗಿತ್ತು. ಆ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ವಾದಿಸುವ ಹುಮ್ಮಸ್ಸಿನಿಂದ ಬಂದಿದ್ದ ನನಗೆ ಅದು ನಿರಾಶೆಯ ಸಂಗತಿಯಾಗಿ ಕಂಡಿತ್ತು. ನನಗಿಂತ ಎಂಟು ವರ್ಷ ಹಿರಿಯರಾದ, ನನಗಿಂತ ಮೊದಲೇ ಇಬ್ಬರು ವಕೀಲರ ಬಳಿ ಕೆಲಸ ಮಾಡಿದ್ದ ಗುಮಾಸ್ತಣ್ಣ ಮಾತ್ರ, "ಸ್ವಾಮಿ, ನೀವು ಹೋಗುವಂತಿಲ್ಲ ಅಂದರೆ ಅವರೇ ಮಾತಾಡುವಂತೆ ಮಾಡೋಣ" ಎಂದರು. ಸಂಜೆಯ ಹೊತ್ತು ನಮ್ಮ ಕಚೇರಿಯ ಜಗಲಿಯಲ್ಲಿ ಗೇಣಿದಾರರನ್ನು ಕೂರಿಸಿಕೊಂಡು, ತಾವೇ ಮಂಡಳಿಯ ಅಧ್ಯಕ್ಷರಾದ ಉಪವಿಭಾಗಾಧಿಕಾರಿಯಂತೆ ಪ್ರಶ್ನೆ ಕೇಳುತ್ತಿದ್ದರು. ಸರ್ವೆ ನಂಬರು ಯಾವುದು, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ಹೇಗೆ, ಗೇಣಿ ಅಳೆದಾಗ ಪಕ್ಕದಲ್ಲಿ ನಿಂತವರು ಯಾರು, ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏಕಿಲ್ಲ. ಧಣಿಯ ಎದುರು ತಲೆಯೆತ್ತಿ ಅಭ್ಯಾಸವಿಲ್ಲದವರು ಮೂರನೆಯ ಸಂಜೆಯ ಹೊತ್ತಿಗೆ ತಡವರಿಸದೆ ಉತ್ತರ ಕೊಡುತ್ತಿದ್ದರು. ಅರ್ಜಿ ಸಲ್ಲಿಸಲು ಕೊನೆಯ ದಿನವಾಗಿದ್ದ 1979ರ ಜೂನ್ 30ರ ಹಿಂದಿನ ರಾತ್ರಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಕಂಬಳಿಕೊಪ್ಪೆ ಹೊದ್ದು ಬಂದವರಿಗೆಲ್ಲ ಲಾಟೀನಿನ ಬೆಳಕಿನಲ್ಲಿ ನಮೂನೆ ತುಂಬಿಕೊಟ್ಟದ್ದು ನಾವಿಬ್ಬರೇ. ನನ್ನನ್ನು ಶಾಸಕನನ್ನಾಗಿ ಮಾಡಿದ್ದು ಆ ಜಗಲಿ ಎಂದು ನಾನು ಇಂದಿಗೂ ನಂಬಿದ್ದೇನೆ.

ತೀರ್ಥಹಳ್ಳಿ ಸೀಮೆಯ ಕಡಿದಾಳ್ ಮಂಜಪ್ಪನವರು ವಕೀಲಿಕೆಯಿಂದ ಶಾಸನಸಭೆಗೆ ಹೋಗಿ, ಕಂದಾಯ ಸಚಿವರಾಗಿ, 1956ರಲ್ಲಿ ಕೆಲವೇ ವಾರಗಳ ಕಾಲ ಮುಖ್ಯಮಂತ್ರಿಯೂ ಆದದ್ದನ್ನು ಕೇಳಿ ಬೆಳೆದ ನನಗೆ ಆ ದಾರಿ ಸಹಜವೆನಿಸಿತ್ತು. 1983ರಲ್ಲಿ ಜನತಾ ಪಕ್ಷದಿಂದ ಗೆದ್ದು ವಿಧಾನಸೌಧದ ಮೆಟ್ಟಿಲು ಹತ್ತಿದೆ. ಅಂದಿನ ಪಂಚಾಯತಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯತಿ ಮಸೂದೆ, ಹೆಣ್ಣುಮಕ್ಕಳಿಗೆ ಶೇಕಡ 25ರಷ್ಟು ಸ್ಥಾನಗಳು, 1987ರ ಆರಂಭದಲ್ಲಿ ಮಂಡಲ ಪಂಚಾಯತಿಗಳಿಗೆ ನಡೆದ ಚುನಾವಣೆ, ಇವುಗಳನ್ನೆಲ್ಲ ಹತ್ತಿರದಿಂದ ಕಂಡ ಭಾಗ್ಯ ನನ್ನದು. ಆ ವರ್ಷಗಳಲ್ಲಿ ತಿಂಗಳಲ್ಲಿ ಹತ್ತು ದಿನವೂ ನಾನು ಊರಿನಲ್ಲಿ ಇರುತ್ತಿರಲಿಲ್ಲ. ಕಚೇರಿಯ ಬಾಗಿಲು ಮಾತ್ರ ಒಂದು ದಿನವೂ ಮುಚ್ಚಲಿಲ್ಲ.

ತಿದ್ದುಪಡಿಯ ವಿಷಯ ಇಲ್ಲಿ ಬರುತ್ತದೆ. 1986ರಲ್ಲಿ ಹಿರಿಯ ಹೆಣ್ಣುಮಗಳೊಬ್ಬರು ಪಾಲುದಾವೆಯಲ್ಲಿ ಸೋತಿದ್ದರು. ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಬೇಕಿತ್ತು. ತೀರ್ಪಿನ ನಕಲನ್ನು ಓದಿ ಆಧಾರಗಳನ್ನು ಬರೆಯುತ್ತೇನೆಂದು ನಾನೇ ಅಧಿವೇಶನಕ್ಕೆ ಹೊತ್ತೊಯ್ದಿದ್ದೆ. ಅದು ಶಾಸಕರ ಭವನದ ನನ್ನ ಕೋಣೆಯ ಕಪಾಟಿನಲ್ಲಿ ಉಳಿಯಿತು, ಅವಧಿ ಮೀರಿತು. ಗುಮಾಸ್ತಣ್ಣ ಎರಡು ಸಲ ಫೋನಿನಲ್ಲಿ ನೆನಪಿಸಿದ್ದರು. ವಿಳಂಬ ಮನ್ನಾ ಮಾಡಬೇಕೆಂಬ ಅರ್ಜಿಯ ಜೊತೆಗೆ ಪ್ರಮಾಣಪತ್ರ (ಅಫಿಡವಿಟ್) ಹಾಕಬೇಕಾಗಿ ಬಂದಾಗ, ವಕೀಲರ ಲೋಕದಲ್ಲಿ ರೂಢಿಯಾಗಿರುವ ಒಂದು ವಾಕ್ಯವನ್ನು ನಾನು ಹೇಳಿ ಬರೆಸಿದೆ: "ಗುಮಾಸ್ತರ ಅಚಾತುರ್ಯದಿಂದ ಕಡತವು ಬೇರೆ ಕಟ್ಟಿನಲ್ಲಿ ಸೇರಿಹೋಗಿದ್ದು." ಅದನ್ನು ಟೈಪು ಮಾಡಿದವರು ಅವರೇ. ಟೈಪು ಮಾಡುವಾಗ ಅವರ ಬೆರಳು ಎಲ್ಲಿಯೂ ನಿಲ್ಲಲಿಲ್ಲ. ವಿಳಂಬ ಮನ್ನಾ ಆಯಿತು, ಮೇಲ್ಮನವಿಯಲ್ಲಿ ಆ ಹೆಣ್ಣುಮಗಳಿಗೆ ಪಾಲೂ ದಕ್ಕಿತು. ಆದರೆ ಆ ವಾಕ್ಯವು ಕೋರ್ಟಿನ ಆವರಣದಲ್ಲಿ ಬಹಳ ದಿನ ಓಡಾಡಿತು, ಮತ್ತು ಕೈತಪ್ಪಿ ಒಂದು ಹಾಳೆಯನ್ನೂ ಕಳೆಯದ ಮನುಷ್ಯನನ್ನು ಅಜಾಗರೂಕ ಎಂದು ಕರೆಯುವವರ ಎದುರು ನಾನು ಮೌನವಾಗಿದ್ದೆ. ಅದನ್ನು ನೆನೆದಾಗ ಈ ವಯಸ್ಸಿನಲ್ಲಿಯೂ ನನಗೆ ನಿದ್ದೆ ಬರುವುದಿಲ್ಲ.

ಅಂಥವರು ನನ್ನ ಪಾಲಿನ ಅತ್ಯಂತ ಕೆಟ್ಟ ರಾತ್ರಿಯಲ್ಲಿ ಏನು ಮಾಡಿದರೆಂದು ಹೇಳಬೇಕು. 1989ರ ನವೆಂಬರಿನ ಚುನಾವಣೆಯಲ್ಲಿ 224ರಲ್ಲಿ 178 ಸ್ಥಾನಗಳು ಕಾಂಗ್ರೆಸ್ಸಿಗೆ ಹೋದವು, ನಾನೂ ಸೋತೆ. ಎಣಿಕೆ ಮುಗಿದಾಗ ನಡುರಾತ್ರಿ ಕಳೆದಿತ್ತು. ಬೆಳಿಗ್ಗೆ ಹಾರ ಹಿಡಿದು ನಿಂತಿದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೈತುಂಬ ಸಾಲವಿತ್ತು, ಮನೆಗೆ ಹೋಗಿ ಹೆಂಡತಿಯ ಮುಖ ನೋಡುವ ಧೈರ್ಯವಿರಲಿಲ್ಲ. ಕಚೇರಿಯ ಕಡೆಗೆ ನಡೆದೆ. ಒಳಗೆ ದೀಪ ಉರಿಯುತ್ತಿತ್ತು. ಆ ರಾತ್ರಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಗುಮಾಸ್ತಣ್ಣ ಬಾಗಿಲಿಗೆ ಅಡ್ಡವಾಗಿ ತಮ್ಮ ಸ್ಟೂಲು ಹಾಕಿಕೊಂಡು ಕುಳಿತರು, ಬೆಳಗಾಗುವವರೆಗೆ ನನ್ನನ್ನು ಒಬ್ಬನನ್ನೇ ಹೊರಗೆ ಬಿಡಲಿಲ್ಲ. ಸಾಂತ್ವನದ ಮಾತು ಒಂದನ್ನೂ ಆಡಲಿಲ್ಲ. ನಡುವೆ ಒಮ್ಮೆ ನಾನು, "ಆ ಪ್ರಮಾಣಪತ್ರಕ್ಕಾಗಿ ನನ್ನ ಮೇಲೆ ಸಿಟ್ಟಿಲ್ಲವೇ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಸಿಟ್ಟಿತ್ತು ಸ್ವಾಮಿ. ಆದರೆ ಆ ಅಮ್ಮನ ಅಪೀಲು ನಿಲ್ಲಬೇಕಾಗಿತ್ತಲ್ಲ" ಎಂದರು. ಬೆಳಕು ಹರಿದಾಗ ಡೈರಿ ತೆರೆದು, "ಇವತ್ತು ಮೂರು ಕೇಸಿವೆ, ಒಂದರಲ್ಲಿ ಪಾಟೀಸವಾಲು ನಿಮ್ಮದೇ" ಎಂದು ಕಡತಗಳನ್ನು ನನ್ನ ಮುಂದಿಟ್ಟರು. ಹನ್ನೊಂದು ಗಂಟೆಗೆ ನಾನು ಕೋರ್ಟಿನಲ್ಲಿದ್ದೆ. ಆ ನಂತರದ ಮೂವತ್ತೈದು ವರ್ಷಗಳ ನನ್ನ ವಕೀಲಿಕೆಯೆಲ್ಲ ಆ ಬೆಳಗಿನಿಂದ ಬಂದದ್ದು.

ಆದ್ದರಿಂದ, ಸದನದಲ್ಲಿ ಕಲಿತ ಭಾಷೆಯಲ್ಲಿಯೇ ಬಹಿರಂಗವಾಗಿ ದಾಖಲಿಸುತ್ತೇನೆ: ಸದರಿ ಪ್ರಮಾಣಪತ್ರದಲ್ಲಿ "ಗುಮಾಸ್ತರ" ಎಂಬ ಪದಕ್ಕೆ ಪ್ರತಿಯಾಗಿ "ವಕೀಲರ" ಎಂಬ ಪದವನ್ನು ಓದಿಕೊಳ್ಳತಕ್ಕದ್ದು. ಗುಮಾಸ್ತಣ್ಣ, ನನ್ನನ್ನು ಕ್ಷಮಿಸಿ.

ಇದನ್ನು ಬೇರೆಯವರು ಓದುವ ಮೊದಲು ಕೈಬರಹದ ಪ್ರತಿಯನ್ನು ಅವರ ಮನೆಗೆ ಒಯ್ದು ಕೊಟ್ಟೆ. ನನ್ನ ಅಕ್ಷರವನ್ನು ಸಲೀಸಾಗಿ ಓದಬಲ್ಲವರು ಇಂದಿಗೂ ಅವರೊಬ್ಬರೇ. ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು. ಎರಡು ಕಡೆ ಕಾಗುಣಿತ ತಿದ್ದಿ, ಕೊನೆಯಲ್ಲಿ ತಾರೀಖು ಹಾಕಿಲ್ಲವೆಂದು ಪೆನ್ಸಿಲಿನಲ್ಲಿ ಗುರುತು ಮಾಡಿ, ಹಾಳೆಗಳನ್ನು ಸಾಲಾಗಿ ಜೋಡಿಸಿ ನನ್ನ ಕೈಗೆ ಹಿಂದಿರುಗಿಸಿದರು.