ಗಡಿಯಾರದ ಜಾಗಕ್ಕೆ ಫೋನು ಬಂದರೂ ಷರ್ಲಾಕ್ ಷರ್ಲಾಕೇ

ಮಾನ್ಯ ಸಂಪಾದಕರೇ,

ಹಳೆಯ ಪತ್ತೇದಾರಿ ಕಥೆಯನ್ನು ಇವತ್ತಿನ ಕಾಲಕ್ಕೆ ತರುತ್ತೇವೆ ಅಂತ ಯಾರಾದರೂ ಹೊರಟರೆ, ಆ ಕಥೆಯನ್ನು ಇಷ್ಟಪಟ್ಟು ಓದಿದವರಿಗೆ ಮೊದಲು ಭಯವೇ ಆಗುವುದು. ಕುದುರೆ ಗಾಡಿ ಹೋಗಿ ಕಾರು ಬರುತ್ತದೆ, ಟೆಲಿಗ್ರಾಂ ಹೋಗಿ ಮೊಬೈಲ್ ಬರುತ್ತದೆ, ಅಷ್ಟರಲ್ಲಿ ಕಥೆಯೇ ಎಲ್ಲೋ ಕಳೆದುಹೋಗಿರುತ್ತದೆ. ಬಿಬಿಸಿಯ ಟಿವಿ ಸರಣಿ 'ಷರ್ಲಾಕ್' ಹಾಗಾಗಿಲ್ಲ. 2010ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಪ್ರಸಾರವಾದ ಅದರ ಮೊದಲ ಕಂತು 'ಎ ಸ್ಟಡಿ ಇನ್ ಪಿಂಕ್' ನೋಡಿ ಎಷ್ಟು ಖುಷಿಯಾಯಿತೆಂದರೆ, ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ಕಾನನ್ ಡಾಯ್ಲ್ 1887ರಲ್ಲಿ ಪ್ರಕಟಿಸಿದ ಷರ್ಲಾಕ್ ಹೋಮ್ಸ್ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಇದಕ್ಕೆ ಮೂಲ. ಅದರಲ್ಲಿ ಹೋಮ್ಸ್‌ನ ಜೊತೆಗಾರ ಡಾಕ್ಟರ್ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಲಂಡನ್ನಿಗೆ ಬರುತ್ತಾನೆ. ಹೊಸ ವಾಟ್ಸನ್ ಕೂಡ ಅಫ್ಘಾನಿಸ್ತಾನದಿಂದಲೇ ಬರುತ್ತಾನೆ! ನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ಒಂದು ವಿವರವನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ ಅನ್ನುವುದು ಬೇಸರದ ಸಂಗತಿ, ಆದರೆ ಕಥೆಗೆ ಅದು ಎಷ್ಟು ಸರಿಯಾಗಿ ಕೂತಿದೆ ನೋಡಿ. ಇನ್ನೂ ಒಂದಿದೆ. ಡಾಯ್ಲ್ ಒಂದು ಕಡೆ ವಾಟ್ಸನ್‌ಗೆ ಭುಜಕ್ಕೆ ಗುಂಡು ಬಿತ್ತು ಅಂತಾರೆ, ಮುಂದಿನ ಕಾದಂಬರಿಯಲ್ಲಿ ಕಾಲಿಗೆ ಅಂತಾರೆ. ಓದುಗರು ಇದರ ಬಗ್ಗೆ ವಾದ ಮಾಡುತ್ತಲೇ ಬಂದಿದ್ದಾರೆ. ಇಲ್ಲಿ ಗುಂಡು ಬಿದ್ದಿದ್ದು ಭುಜಕ್ಕೆ, ಕುಂಟು ಮಾತ್ರ ಮನಸ್ಸಿನದು. ಷರ್ಲಾಕ್ ಜೊತೆ ಒಂದು ಟ್ಯಾಕ್ಸಿಯ ಹಿಂದೆ ಓಡುವಾಗ ಅವನು ಊರುಗೋಲನ್ನೇ ಮರೆತುಬಿಡುತ್ತಾನೆ. ಮೂಲವನ್ನು ಸುಮ್ನೆ ತಿರುವಿ ಹಾಕಿದವರಿಗೆ ಇದು ಹೊಳೆಯುವುದಿಲ್ಲ ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಫೋನಿನ ದೃಶ್ಯ. 'ದಿ ಸೈನ್ ಆಫ್ ಫೋರ್'ನಲ್ಲಿ ಹೋಮ್ಸ್ ಒಂದು ಜೇಬುಗಡಿಯಾರ ನೋಡಿ, ಕೀಲಿ ಕೊಡುವ ತೂತಿನ ಸುತ್ತ ಇರುವ ಗೀರುಗಳಿಂದ, ವಾಟ್ಸನ್ನನ ಅಣ್ಣ ಕುಡುಕನಾಗಿದ್ದ ಅಂತ ಹೇಳುತ್ತಾನೆ. ಇಲ್ಲಿ ಗಡಿಯಾರದ ಬದಲು ಮೊಬೈಲ್, ಗೀರುಗಳು ಚಾರ್ಜರ್ ಚುಚ್ಚುವ ಜಾಗದ ಸುತ್ತ. ಯೋಚನೆಯ ದಾರಿ ಅದೇ, ಕುಡಿದ ಕೈ ನಡುಗುತ್ತದೆ. ಫೋನಿನ ಮೇಲೆ ಹ್ಯಾರಿ ಅಂತ ಹೆಸರಿದೆ, ಹಾಗಾಗಿ ಅಣ್ಣನೋ ತಮ್ಮನೋ ಇರಬೇಕು ಅಂತ ಷರ್ಲಾಕ್ ಲೆಕ್ಕ ಹಾಕುತ್ತಾನೆ. ಆದರೆ ಹ್ಯಾರಿ ಅಂದರೆ ಹ್ಯಾರಿಯೆಟ್, ವಾಟ್ಸನ್ನನ ಸೋದರಿ! ಪುಸ್ತಕ ಓದಿದವರೂ ಷರ್ಲಾಕ್ ಜೊತೆಗೇ ಏಮಾರುತ್ತಾರೆ. ಶವದ ಪಕ್ಕ ಸಿಗುವ 'ರಾಖೆ' (ಜರ್ಮನ್ ಭಾಷೆಯಲ್ಲಿ 'ಸೇಡು') ಎಂಬ ಬರಹವನ್ನೂ ಹೀಗೇ ತಲೆಕೆಳಗು ಮಾಡಿದ್ದಾರೆ. ಹೇಗೆ ಅಂತ ಹೇಳಿದರೆ ನೋಡುವವರ ಖುಷಿ ಹೋಗುತ್ತದೆ, ಕೊಲೆಗಾರ ಯಾರು ಅಂತಲೂ ಹೇಳುವುದಿಲ್ಲ.

ಕಾದಂಬರಿಯ ಎರಡನೇ ಭಾಗದ ಬಹುಪಾಲು ತುಂಬಿರುವ ಅಮೆರಿಕದ ಯೂಟಾ ಪ್ರಸಂಗವನ್ನು ಪೂರ್ತಿ ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು, ಓದುವಾಗಲೂ ಅಲ್ಲಿ ಕಥೆ ಜಗ್ಗುತ್ತದೆ.

ಷರ್ಲಾಕ್ ಆಗಿರುವ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸರಿಯೇ. ಆದರೆ ನನ್ನ ಮಟ್ಟಿಗೆ ಇದನ್ನು ಹೊತ್ತು ನಿಂತವರು ವಾಟ್ಸನ್ ಆಗಿರುವ ಮಾರ್ಟಿನ್ ಫ್ರೀಮನ್. ಬಹಳಷ್ಟು ಹಳೆಯ ಸಿನಿಮಾಗಳಲ್ಲಿ ವಾಟ್ಸನ್ನನನ್ನು ಪೆದ್ದನನ್ನಾಗಿ ಮಾಡಿ ನಗಿಸಿದ್ದಾರೆ. ಡಾಯ್ಲ್ ಬರೆದ ವಾಟ್ಸನ್ ಅಂಥವನಲ್ಲ, ಅವನು ಸೈನಿಕ, ವೈದ್ಯ, ಗಟ್ಟಿ ಮನುಷ್ಯ. ಫ್ರೀಮನ್ ಜಾಸ್ತಿ ಮಾತಿಲ್ಲದೆ, ಬರೀ ಮುಖದಲ್ಲಿ, ಆ ಗೌರವವನ್ನು ವಾಪಸ್ ಕೊಟ್ಟಿದ್ದಾರೆ.

ಮುಂದಿನ ಕಂತುಗಳೆಲ್ಲ ಇದೇ ಮಟ್ಟದಲ್ಲಿವೆ ಅಂತ ನಾನು ಹೇಳಲಾರೆ. 2017ರ ನಾಲ್ಕನೇ ಸರಣಿಗೆ ಬರುವ ಹೊತ್ತಿಗೆ ಪತ್ತೇದಾರಿಕೆಗಿಂತ ಷರ್ಲಾಕ್ ಮನೆಯವರ ಗುಟ್ಟುಗಳೇ ಜಾಸ್ತಿ ಆಗಿಬಿಡುತ್ತವೆ, ಸುಳಿವು ಹುಡುಕುತ್ತಾ ಜೊತೆಗೆ ಯೋಚಿಸುವ ಸುಖ ಕಡಿಮೆಯಾಗುತ್ತದೆ. ಸರಣಿಯನ್ನು ರೂಪಿಸಿದ ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್ ಡಾಯ್ಲ್ ಪುಸ್ತಕವನ್ನು ಪಕ್ಕದಲ್ಲೇ ಇಟ್ಟುಕೊಂಡು ಬರೆದಂತಿರುವ ಕಂತುಗಳೇ ಚೆನ್ನಾಗಿವೆ.

ನಿಮ್ಮ ಪತ್ರಿಕೆಯಲ್ಲಿ ವಾರವಾರ ಹೊಸ ಸರಣಿಗಳ ಪರಿಚಯ ಬರುತ್ತದೆ. ಅದರ ಜೊತೆ ಆಗೊಮ್ಮೆ ಈಗೊಮ್ಮೆ ಇಂಥ ಹಳೆಯ ಸರಣಿಯನ್ನೂ, ಅದರ ಮೂಲ ಕಥೆಯ ಜೊತೆ ಹೋಲಿಸಿ ಪರಿಚಯಿಸಿ. ಕಥೆ ಓದಿ ಆಮೇಲೆ ನೋಡುವವರು ಖಂಡಿತ ಇದ್ದಾರೆ.

ಇಂತಿ,
ನಿಮ್ಮ ಒಬ್ಬ ಓದುಗ