ಸೆನ್ಸರಿಗೆ ಬೈಯುವ ಮೊದಲು ಅರ್ತ್ ವೈರ್ ನೋಡಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಓದಿದವರಿಗೆ ಕೈಕೆಲಸ ಬರಲ್ಲ ಅನ್ನುವ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ತಪ್ಪು ಹುಡುಗರದ್ದು ಮಾತ್ರ ಅಲ್ಲ, ನಾವು ಅವರ ಕೈಗೆ ಕೊಡುವ ಲ್ಯಾಬ್ ಮ್ಯಾನ್ಯುಯಲ್‌ದೂ ಹೌದು, ಸರ್ಕ್ಯೂಟಿನಲ್ಲಿ ಅರ್ತ್ ಎಲ್ಲಿ ಆಗಿದೆ ಅಂತ ಅದು ತೋರಿಸುವುದೇ ಇಲ್ಲ. ನಾನು ಲ್ಯಾಬ್ ಇನ್‌ಸ್ಟ್ರಕ್ಟರ್, ಹಾಗಾಗಿ ಈ ಬೈಗುಳದಲ್ಲಿ ನನಗೂ ಪಾಲಿದೆ.

ಹೋದ ಸೆಮಿಸ್ಟರ್‌ನಲ್ಲಿ ತಾಮ್ರದ ಪೈಪಿಗೆ ಬೆಸುಗೆ ಹಾಕಿದ್ದ ಕೆ ಟೈಪ್ ಥರ್ಮೋಕಪಲ್ (ಬಿಸಿಯನ್ನು ಸಣ್ಣ ವೋಲ್ಟೇಜ್ ಆಗಿ ತೋರಿಸುವ ಸೆನ್ಸರ್) ಒಂದು, ಪಂಪ್ ಆನ್ ಮಾಡಿದ ಕೂಡಲೇ ಹತ್ತು ಹನ್ನೆರಡು ಡಿಗ್ರಿ ಮೇಲೆ ಕೆಳಗೆ ಕುಣಿಯತೊಡಗಿತು. ಪೈಪ್ ಮುಟ್ಟಿ ನೋಡಿದರೆ ತಣ್ಣಗೇ ಇದೆ. ಥರ್ಮೋಕಪಲ್ ಎರಡು ಸಲ ಬದಲಾಯಿಸಿದೆವು. ಹುಡುಗರು ಸುಮ್ನೆ ಸರಾಸರಿ ತೆಗೆದು ರೆಕಾರ್ಡ್ ಬರೆದುಬಿಟ್ಟರು. ಆಮೇಲೆ ಯಾರೋ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಕೊಂಡು ಹೋದರು, ಕುಣಿತ ನಿಂತೇ ಹೋಯಿತು! ಮತ್ತೆ ಚಾರ್ಜರ್ ಹಾಕಿ ಗ್ರಾಫ್ ಹಿಗ್ಗಿಸಿ ನೋಡಿದರೆ 20 ಮಿಲಿಸೆಕೆಂಡಿಗೊಂದು ಅಲೆ, ಅಂದರೆ ಅದೇ ನಮ್ಮ 50 ಹರ್ಟ್ಸ್ ಕರೆಂಟು.

ಆಗಿದ್ದು ಇಷ್ಟೇ. ಪೈಪು ಪಂಪಿನ ಮೂಲಕ ಒಂದು ಕಡೆ ಅರ್ತ್ ಆಗಿತ್ತು. ಸೆನ್ಸರಿನ ರೀಡಿಂಗನ್ನು ಲ್ಯಾಪ್‌ಟಾಪಿಗೆ ಕಳಿಸುವ ಡ್ಯಾಕ್ ಕಾರ್ಡನ್ನು, ಎಲ್ಲ ಸೆನ್ಸರಿನ ಮೈನಸ್ಸನ್ನೂ ಒಂದೇ ಗ್ರೌಂಡಿಗೆ ಸೇರಿಸಿ ಅಳೆಯುವ ಸಿಂಗಲ್ ಎಂಡೆಡ್‌ನಲ್ಲಿ ಇಟ್ಟಿದ್ದೆವು, ಹಾಗಾಗಿ ಥರ್ಮೋಕಪಲ್ಲಿನ ಮೈನಸ್ ವೈರು ಕಾರ್ಡಿನ ಗ್ರೌಂಡಿಗೆ, ಅಲ್ಲಿಂದ ಯುಎಸ್‌ಬಿ, ಲ್ಯಾಪ್‌ಟಾಪ್, ಮೂರು ಪಿನ್ ಚಾರ್ಜರ್ ದಾಟಿ ಇನ್ನೊಂದು ಗೋಡೆಯ ಅರ್ತಿಗೆ ಹೋಗಿತ್ತು. ಎರಡು ಸಾಕೆಟ್ಟಿನ ಅರ್ತ್ ಒಂದೇ ಅಂತ ಅಂದುಕೊಳ್ಳುತ್ತೇವೆ, ಆದರೆ ನಡುವೆ ಒಂದಿಷ್ಟು ವೋಲ್ಟೇಜ್ ಇದ್ದೇ ಇರುತ್ತದೆ. ಕೆ ಟೈಪ್ ಒಂದು ಡಿಗ್ರಿಗೆ ಕೊಡುವುದೇ ಸುಮಾರು 41 ಮೈಕ್ರೋವೋಲ್ಟ್. ಆ ಅರ್ತ್ ವೋಲ್ಟೇಜಿನಲ್ಲಿ ಬರೀ ಅರ್ಧ ಮಿಲಿವೋಲ್ಟ್ ರೀಡಿಂಗಿಗೆ ಸೇರಿಕೊಂಡರೆ 12 ಡಿಗ್ರಿ ಸುಳ್ಳು.

ಡಿಫರೆನ್ಷಿಯಲ್‌ಗೆ ಬದಲಾಯಿಸಿದೆವು, ಸರಿಹೋಯಿತು. ಅಲ್ಲಿ ಕಾರ್ಡು ಎರಡು ವೈರಿನ ನಡುವಿನ ವ್ಯತ್ಯಾಸ ಮಾತ್ರ ನೋಡುತ್ತದೆ, ಎರಡರಲ್ಲೂ ಒಂದೇ ಥರ ಬರುವ ಗಲಾಟೆ ಹೆಚ್ಚುಕಮ್ಮಿ ಕಳೆದುಹೋಗುತ್ತದೆ. ಆದರೆ ಒಂದು ಸೆನ್ಸರಿಗೆ ಎರಡು ಚಾನೆಲ್ ಬೇಕಾಗಿ 16 ಇದ್ದದ್ದು 8 ಆಗುತ್ತದೆ, ಅದಕ್ಕೇ ಯಾರೂ ಮನಸ್ಸು ಮಾಡುವುದಿಲ್ಲ.

ಹಾಗಂತ ಎಲ್ಲದಕ್ಕೂ ಡಿಫರೆನ್ಷಿಯಲ್ ಹಾಕಿದರೆ ಮುಗಿಯಿತು ಅಂತಲೂ ಅಲ್ಲ. 1.5 ವೋಲ್ಟಿನ ಒಂದು ಸೆಲ್ ಹಾಗೇ ಸಿಕ್ಕಿಸಿ ನೋಡಿ. ಅದಕ್ಕೆ ಅರ್ತಿನ ನಂಟೇ ಇಲ್ಲ, ರೀಡಿಂಗ್ ಮೆಲ್ಲಗೆ ಜಾರುತ್ತಾ ಹೋಗಿ ಎಲ್ಲೋ ತುದಿಗೆ ಅಂಟಿಕೊಳ್ಳಬಹುದು. ಮೈನಸ್ಸಿನಿಂದ ಕಾರ್ಡಿನ ಗ್ರೌಂಡಿಗೆ ಒಂದು 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ.

ಕೆಲವರು ಮಾಡುವ ಇನ್ನೊಂದು ಉಪಾಯ ಇದೆ, ಪಂಪಿನ ಪ್ಲಗ್ಗಿನ ಅರ್ತ್ ಪಿನ್ನನ್ನೇ ಮುರಿದು ಹಾಕುವುದು. ರೀಡಿಂಗ್ ಸರಿಹೋಗಬಹುದು, ನಾಳೆ ಪಂಪಿನೊಳಗೆ ಇನ್ಸುಲೇಷನ್ ಹೋದರೆ ಅದರ ಮೈಗೆ 230 ವೋಲ್ಟ್ ಬಂದು ಕೂರುತ್ತದೆ, ಪಕ್ಕದಲ್ಲಿ ನಿಂತಿರುವುದು ನಮ್ಮ ಮಕ್ಕಳೇ ಅಲ್ವಾ?

ಸಿಲೆಬಸ್ ಬರೆಯುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಮ್ಯಾನ್ಯುಯಲ್ಲಿನ ಪ್ರತಿ ಸರ್ಕ್ಯೂಟ್ ಚಿತ್ರದಲ್ಲೂ ಅರ್ತ್ ಎಲ್ಲೆಲ್ಲಿ ಆಗಿದೆ ಅಂತ ಗುರುತು ಹಾಕಿಸಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅದನ್ನೇ ಮೊದಲು ಕೇಳಿಸಿ. ಮೇಲೆ ಹೇಳಿದ ಸೆಲ್ಲಿನ ಪ್ರಯೋಗವನ್ನೂ ಮಾಡಿಸಿ, ಸೆಲ್ಲು, ರೆಸಿಸ್ಟರ್ ಖರ್ಚು ಅಂಥದ್ದೇನೂ ಆಗಲ್ಲ.

— ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್, ತುಮಕೂರು