ಗೊರಕೆ ನಿಂತಾಗ ಎದ್ದು ಕೂತೆ

ತಿಪಟೂರು

ಪ್ರೀತಿಯ ರಘು,

ಹಬ್ಬಕ್ಕೆ ಬಂದಾಗ ನೀನು ಹಾಲ್‌ನಲ್ಲಿ ಮಲಗಿದ್ದೆಯಲ್ಲ, ಆ ರಾತ್ರಿ ಎರಡು ಸಲ ಎದ್ದು ಬಂದು ನಿನ್ನ ಪಕ್ಕ ಕೂತಿದ್ದೆ. ಗೊರಕೆ ತಡೆಯಲಾರದೆ ಎದ್ದೆ ಅಂದುಕೊಳ್ಳಬೇಡ, ಗೊರಕೆ ನಿಂತುಹೋಯಿತಲ್ಲ ಅಂತ ಎದ್ದೆ. ಎದೆ ಏಳುತ್ತಿದೆ, ಹೊಟ್ಟೆ ಅಲುಗುತ್ತಿದೆ, ಮೂಗಿನಲ್ಲಿ ಗಾಳಿಯೇ ಇಲ್ಲ. ಗಡಿಯಾರ ನೋಡಿಕೊಂಡೆ, 20 ಸೆಕೆಂಡ್. ಆಮೇಲೆ ಬಾವಿಯಲ್ಲಿ ಮುಳುಗೆದ್ದವನ ಹಾಗೆ ಉಸಿರೆಳೆದು ಮಗ್ಗುಲಾದೆ. ಬೆಳಿಗ್ಗೆ ಕೇಳಿದರೆ "ಸಖತ್ ನಿದ್ದೆ ಮಾವ" ಅಂದೆ!

ನಾನೂ ಹಾಗೇ ಅನ್ನುತ್ತಿದ್ದೆ ಕಣೋ. ಎಂಟು ಗಂಟೆ ಮಲಗಿ ಎದ್ದರೂ ತಲೆ ಭಾರ, ಬಾಯಿ ಒಣಗಿರುತ್ತಿತ್ತು. ಮಕ್ಕಳಿಗೆ ಲೆಕ್ಕ ಕೊಟ್ಟು ಕುರ್ಚಿಯಲ್ಲೇ ತೂಕಡಿಸುತ್ತಿದ್ದೆ. ಬೆನ್ನ ಹಿಂದೆ ಕುಂಭಕರ್ಣ ಮೇಷ್ಟ್ರು ಅನ್ನುತ್ತಿದ್ದರಂತೆ. ಅವನಿಗಾದರೂ ಆರು ತಿಂಗಳು ನಿದ್ದೆ ಸಿಗುತ್ತಿತ್ತು, ನನಗೆ ಒಂದು ರಾತ್ರಿಯದೂ ಸಿಗುತ್ತಿರಲಿಲ್ಲ. ಬಿಪಿ ಎರಡು ಮಾತ್ರೆಗೂ ಬಗ್ಗಲಿಲ್ಲ. ರಾತ್ರಿ ಮೂರು ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ, ಶುಗರ್ ಇರಬೇಕೆಂದು ಹೆದರಿದ್ದೆ. ಸುಮ್ನೆ ಸಿಡುಕುತ್ತಿದ್ದೆ. ನಿಮ್ಮತ್ತೆ ಚಾಪೆ ಎತ್ತಿಕೊಂಡು ಅಡುಗೆಮನೆಗೆ ಹೋದಾಗ ಅದಕ್ಕೂ ಜಗಳ. ಆಕೆ ಎಷ್ಟು ವರ್ಷ ನಿದ್ದೆಗೆಟ್ಟಿದ್ದಳು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಕೊನೆಗೆ ಸ್ಲೀಪ್ ಸ್ಟಡಿ, ಅಂದರೆ ಮಲಗಿರುವಾಗ ಉಸಿರಾಟ ಅಳೆಯುವ ಪರೀಕ್ಷೆ, ಮಾಡಿಸಿದಾಗ ಗುಟ್ಟು ತಿಳಿಯಿತು. ಸ್ಲೀಪ್ ಆಪ್ನಿಯಾ ಅಂತ ಇದರ ಹೆಸರು. ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ತಟ್ಟಿ ಎಬ್ಬಿಸುತ್ತದೆ. ಎದ್ದದ್ದು ನಮ್ಮ ನೆನಪಿಗೇ ಬರುವುದಿಲ್ಲ. ಹೀಗೆ ಉಸಿರು ಕಟ್ಟುವುದು, ಕುಗ್ಗುವುದು ಗಂಟೆಗೆ 5 ಸಲಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 30 ಮುಟ್ಟಿದರೆ ಜೋರಾಗಿದೆ ಅಂತ ಲೆಕ್ಕ. ನನ್ನದು 42. ಒಂದೂವರೆ ನಿಮಿಷಕ್ಕೊಮ್ಮೆ ಯಾರೋ ಕತ್ತು ಹಿಸುಕಿ ಬಿಟ್ಟ ಹಾಗೆ. ಇನ್ನು ಬಿಪಿ ಇಳಿಯುವುದು ಹೇಗೆ?

ಆಗಿನಿಂದ ಸಿಪ್ಯಾಪ್ ಅನ್ನೋ ಗಾಳಿಯಂತ್ರ ಹಾಕಿಕೊಂಡೇ ಮಲಗುತ್ತೇನೆ. ಮಾಸ್ಕಿನಿಂದ ಸಣ್ಣಗೆ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಹಿಡಿಯುತ್ತದೆ, ಅಷ್ಟೇ. ಸಿಡ್ನಿಯ ಕಾಲಿನ್ ಸಲ್ಲಿವನ್ ಎಂಬ ಡಾಕ್ಟರು 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯ ಇದು. ಮೊದಲ ಹತ್ತು ದಿನ ಕಿತ್ತೆಸೆಯೋಣ ಅನ್ನಿಸಿತು. ಮೂಗು ಒಣಗುತ್ತಿತ್ತು, ಮೊಮ್ಮಗ ಆನೆ ತಾತ ಅಂತ ನಗುತ್ತಿದ್ದ. ಮೂರನೇ ವಾರ ಒಂದು ಬೆಳಿಗ್ಗೆ ತಲೆ ಎಷ್ಟು ಹಗುರವಾಗಿತ್ತೆಂದರೆ, ಕಾಫಿ ಕುಡಿಯುವುದೇ ಮರೆತಿದ್ದೆ. ನಿಮ್ಮತ್ತೆಯ ಚಾಪೆಯೂ ಕೋಣೆಗೆ ವಾಪಸ್ ಬಂತು.

ನಿನಗೂ ಅದೇ ಅಂತ ನಾನು ಹೇಳಲಾರೆ, ಅದನ್ನು ಡಾಕ್ಟರೇ ಹೇಳಬೇಕು. ಆದರೆ ಕತ್ತು ದಪ್ಪಗಿದ್ದವರಿಗೆ ಇದು ಹೆಚ್ಚು, ನಿನ್ನ ಕತ್ತು 17 ಇಂಚಿನ ಕಾಲರಿಗೂ ಹಿಡಿಯುತ್ತಿಲ್ಲ, ಅಲ್ವಾ? ನೀನು ಮಲಗಿದಾಗ ಸಿಂಧು ಫೋನಿನಲ್ಲಿ ವಿಡಿಯೋ ಮಾಡಲಿ, ಅದನ್ನೇ ಕಿವಿ-ಮೂಗು-ಗಂಟಲಿನ ಡಾಕ್ಟರಿಗೋ ಶ್ವಾಸಕೋಶದ ಡಾಕ್ಟರಿಗೋ ತೋರಿಸು. ನಿದ್ದೆಯಲ್ಲಿ ನಿನ್ನನ್ನು ತಟ್ಟಿ ತಟ್ಟಿ ಉಸಿರಾಡಿಸುತ್ತೇನೆ ಅಂತ ನಿಮ್ಮತ್ತೆಯ ಹತ್ತಿರ ಅತ್ತಿದ್ದಾಳೆ ಆ ಹುಡುಗಿ. ನಾನು ಹೇಳಿದೆನೆಂದು ಹೇಳಬೇಡ.

ಅಲ್ಲಿಯವರೆಗೆ ಶನಿವಾರದ ಪಾರ್ಟಿ ಬಿಡು, ಹೆಂಡ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆ ನೀನಾಗೇ ನುಂಗಬೇಡ. ಅಂಗಾತ ಮಲಗದೆ ಮಗ್ಗುಲಲ್ಲಿ ಮಲಗು. ತೂಕದ ಮಾತು ಆಮೇಲೆ ಆಡೋಣ, ನಿಮ್ಮತ್ತೆಯ ಒಬ್ಬಟ್ಟಿಗೂ ಅದರಲ್ಲಿ ಪಾಲಿದೆ.

ಕಾರಿನ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ತುಮಕೂರು ರಸ್ತೆಯಲ್ಲಿ ಕಣ್ಣೆಳೆಯಿತು ಅಂತ ನಗುತ್ತಾ ಹೇಳಿದೆಯಲ್ಲ, ನನಗೆ ಅವತ್ತು ಊಟ ಸೇರಲಿಲ್ಲ. ಮುಂದಿನ ಸಲ ಯಶವಂತಪುರದಲ್ಲಿ ರೈಲು ಹತ್ತು. ಸ್ಟೇಷನ್ನಿಗೆ ನಾನೇ ಬರುತ್ತೇನೆ, ರಿಪೋರ್ಟ್ ಕೈಯಲ್ಲಿರಲಿ.

ಇಂತಿ,
ನಿನ್ನ ಮಾವ